ಏನು ನೆಡಬೇಕೆಂದು ಅಡುಗೆಮನೆ ಹೇಳಲಿ

ಮೊದಲ ಮಳೆ ಬಿದ್ದೊಡನೆ ಪುಣೆಯ ನರ್ಸರಿಗಳಲ್ಲಿ ಜಾತ್ರೆ. ಜಾಯಿಕಾಯಿ, ಕಾಳುಮೆಣಸು, ಮುರುಗಲ ಸಸಿಗಳನ್ನು ಕಾರಿಗೆ ತುಂಬುವ ನಮ್ಮ ಮಲೆನಾಡಿನವರನ್ನು ಕಂಡಾಗ ಹೇಳಬೇಕೆನಿಸುತ್ತದೆ: ಸ್ವಾಮೀ, ಇದು ಶಿರಸಿಯಲ್ಲ. ಅಲ್ಲಿ ವರ್ಷಕ್ಕೆ 2,500 ಮಿ.ಮೀ. ಆಸುಪಾಸು ಮಳೆ, ಇಲ್ಲಿ 700ರ ಆಚೀಚೆ, ಅದೂ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಮಿಕ್ಕ ತಿಂಗಳು ಒಣಹವೆ. ಏಪ್ರಿಲ್‌ನಲ್ಲಿ ಸೊಸೈಟಿಗಳಿಗೆ ಟ್ಯಾಂಕರ್ ಬರುವ ಊರಿನಲ್ಲಿ ಜಾಯಿಕಾಯಿಗೆ ನೀರುಣಿಸುವುದು ನ್ಯಾಯವೂ ಅಲ್ಲ.

ನಾನೂ ಶಿರಸಿ ಸೀಮೆಯವಳೇ. ಸಿಂಹಗಡ ರಸ್ತೆಯ ನಮ್ಮ ಮನೆಗಿರುವ ಹಿತ್ತಲು ಒಂದು ಗುಂಟೆಗೂ ಕಡಿಮೆ. ಅಲ್ಲಿ ಎರಡೇ ಕಾನೂನು: ಅಡುಗೆಮನೆಗೆ ಬಾರದ ಗಿಡಕ್ಕೆ ಜಾಗವಿಲ್ಲ, ಬೇರೂರಿದ ಮೇಲೂ ಅಕ್ಕಿ, ತರಕಾರಿ ತೊಳೆದ ನೀರಿನಲ್ಲಿ ಬದುಕದ ಗಿಡಕ್ಕೂ ಇಲ್ಲ.

ಎತ್ತರಕ್ಕೆ ನುಗ್ಗೆ ಮತ್ತು ಅಗಸೆ. ನುಗ್ಗೆಯ ಟೊಂಗೆಯನ್ನೇ ನೆಟ್ಟು, ಎದೆಮಟ್ಟಕ್ಕೆ ಸವರುತ್ತಿದ್ದರೆ ಸೊಪ್ಪು ಕೈಗೆಟಕುತ್ತದೆ. ಅಗಸೆ ದ್ವಿದಳ ಜಾತಿ. ನೆಲಕ್ಕೆ ಸಾರಜನಕ ಕೊಡುತ್ತದೆ, ಹೂವು ಪಲ್ಯಕ್ಕಾಗುತ್ತದೆ. ಅವುಗಳ ಕೆಳಗೆ ಕರಿಬೇವು, ನಿಂಬೆ, ಸೀತಾಫಲ. ಪಕ್ಕದ ಪುರಂದರ ತಾಲ್ಲೂಕಿನ ಕಲ್ಲುನೆಲದಲ್ಲಿ ಸೀತಾಫಲ ಹೇಗೆ ಬಿಡುತ್ತದೆಂದು ಸಾಸವಡದ ಸಂತೆಯಲ್ಲಿ ನೋಡಿ. ಆಡು ಮುಟ್ಟದ ಸೊಪ್ಪಿಲ್ಲ ಎನ್ನುತ್ತಾರೆ. ಸೀತಾಫಲದ ಎಲೆಗೆ ಅದೂ ಬಾಯಿ ಹಾಕದು. ಬೇಲಿಗೆ ಬಸಳೆ, ಬಚ್ಚಲ ನೀರಿನ ಪಕ್ಕ ಕೆಸು: ನಮಗೆ ಪತ್ರೊಡೆ, ಪಕ್ಕದ ಮನೆಯ ಕಾಕುಗೆ ಅಳುವಡಿ. ಒಂದು ಬುಡ ನಿಂಬೆಹುಲ್ಲಿದ್ದರೆ ಓಣಿಯ ಚಹಾಕ್ಕೆಲ್ಲ ಸಾಕು.

ಅರೆನೆರಳಿಗೆ ಚಕ್ರಮುನಿ ಸೊಪ್ಪು. ಆದರೆ ಬೇಯಿಸಿ, ಮಿತವಾಗಿ ತಿನ್ನಿ. 1990ರ ದಶಕದಲ್ಲಿ ತೈವಾನ್‌ನಲ್ಲಿ ತೂಕ ಇಳಿಸಲೆಂದು ಇದರ ಹಸಿ ರಸವನ್ನು ದಿನವೂ ಕುಡಿದ ಅನೇಕರ ಶ್ವಾಸಕೋಶ ಶಾಶ್ವತವಾಗಿ ಕೆಟ್ಟಿತು. ಹಿತ್ತಲ ಗಿಡ ಮದ್ದಲ್ಲ ಎಂದು ಕಡೆಗಣಿಸುವುದು ಎಷ್ಟು ತಪ್ಪೋ, ಹಿತ್ತಲದ್ದೆಲ್ಲ ಮದ್ದೇ ಎನ್ನುವುದೂ ಅಷ್ಟೇ ತಪ್ಪು.

ಹೀಗೆ ಒಂದರಡಿ ಒಂದು ಗಿಡ ಜೋಡಿಸುವುದನ್ನೇ ಈಗ ‘ಫಾರೆಸ್ಟ್ ಗಾರ್ಡನ್’ ಎಂದು ಶುಲ್ಕ ಪಡೆದು ಕಲಿಸುತ್ತಾರೆ. ಇಂಗ್ಲೆಂಡಿನ ಶ್ರಾಪ್‌ಶೈರ್‌ನಲ್ಲಿ ಸುಮಾರು ಐದು ಗುಂಟೆಯಲ್ಲಿ ಇಂಥ ತೋಟ ಮಾಡಿ ಹೆಸರಾದ ರಾಬರ್ಟ್ ಹಾರ್ಟ್ ಮಾದರಿಯಾಗಿ ಕಂಡಿದ್ದು ಕೇರಳದ ಮನೆತೋಟಗಳನ್ನು. ನಾವು ಅವರಿಂದ ಮರಳಿ ಕಲಿಯಬೇಕಾದದ್ದು ಗಿಡಗಳ ಪಟ್ಟಿಯನ್ನಲ್ಲ, ಕ್ರಮವನ್ನು: ಮರದಡಿ ಪೊದೆ, ಪೊದೆಯಡಿ ಸೊಪ್ಪು, ಎಲ್ಲದರಡಿ ತರಗೆಲೆಯ ಹೊದಿಕೆ. ಪಟ್ಟಿಯನ್ನು ಆಯಾ ಊರಿನ ಮಳೆಯೇ ಬರೆಯಬೇಕು.

ಸೊಸೈಟಿ ಕಮಿಟಿಗಳಲ್ಲಿ ಕುಳಿತಿರುವ ಪುಣೆಯ ಕನ್ನಡಿಗರಲ್ಲಿ ಒಂದು ಮನವಿ. ಟ್ಯಾಂಕರ್ ನೀರು ಕುಡಿಯುವ ಹುಲ್ಲುಹಾಸಿನ ಒಂದು ಮೂಲೆಯನ್ನಾದರೂ ಈ ಜೂನ್‌ನಲ್ಲಿ ನುಗ್ಗೆ, ಕರಿಬೇವು, ಸೀತಾಫಲಕ್ಕೆ ಬಿಡಿಸಿಕೊಡಿ. ಮೊದಲೆರಡು ಬೇಸಿಗೆ ನೀರು ಹಾಕುವವರು ಯಾರೆಂಬುದನ್ನು ಮಾತ್ರ ಸಸಿ ತರುವ ಮೊದಲೇ ಸಭೆಯಲ್ಲಿ ಬರೆಸಿಕೊಳ್ಳಿ.