ದಾರಿಯ ಲೆಕ್ಕ

ನಮ್ಮ ಮಾಮು ಮೈಸೂರಿನಿಂದ ಕೇರಳದ ಸುಲ್ತಾನ್ ಬತ್ತೇರಿಗೆ ತರಕಾರಿ ಸಾಗಿಸುತ್ತಾರೆ. ಬಂಡೀಪುರ ಕಾಡಿನ ರಸ್ತೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸರಕು ಗಾಡಿಗಳಿಗೆ ಬಂದ್. ಹೋದ ತಿಂಗಳು ನಾನೂ ಜೊತೆಗಿದ್ದೆ. ಹೊರಟಿದ್ದೇ ತಡ. ಗೇಟು ಮುಚ್ಚುವ ಮುಂಚೆ ಮದ್ದೂರು ಚೆಕ್‌ಪೋಸ್ಟ್ ದಾಟಬೇಕೆಂದು ಮಾಮು ಗಾಡಿ ಓಡಿಸಿದರು. ಕಾಡಿನೊಳಗೂ ವೇಗ ಇಳಿಯಲಿಲ್ಲ. ಜಿಂಕೆಯೊಂದು ಕೂದಲೆಳೆ ಅಂತರದಲ್ಲಿ ಪಾರಾಯಿತು.

ಹುಣಸೂರು, ಗೋಣಿಕೊಪ್ಪ, ಕುಟ್ಟದ ದಾರಿ ರಾತ್ರಿಯೂ ತೆರೆದಿರುತ್ತದೆ. "ಅದು ಸುತ್ತು, ಡೀಸೆಲ್ ದಂಡ" ಅನ್ನುತ್ತಾರೆ ಮಾಮು. ಕಾಮರ್ಸ್ ವಿದ್ಯಾರ್ಥಿಯಾಗಿ ಕೇಳುತ್ತೇನೆ: ಡೀಸೆಲನ್ನು ಖರ್ಚಿಗೆ ಬರೆಯಬಹುದು, ಹೋದ ಜೀವವನ್ನು ಯಾವ ಖಾತೆಗೆ ಬರೆಯೋಣ?

ಯಾವ ದಾರಿ ಎಂಬುದು ಮೈಸೂರಿನಲ್ಲೇ ತೀರ್ಮಾನವಾಗಬೇಕು. ಗುಂಡ್ಲುಪೇಟೆ ತಲುಪಿದ ಮೇಲೆ ಗಾಡಿ ಓಡಿಸುವುದು ನಾವಲ್ಲ, ಗಡಿಯಾರ.