ಬೆಳೆದ ಮಕ್ಕಳೊಡನೆ ರೈಲು ಪ್ರವಾಸ



ಯುರೋಪಿನಲ್ಲಿ ಒಂದು ಅನುಕೂಲವಿದೆ. ತಲೆಗೊಂದು ಪಾಸು ಕೊಂಡರೆ ಅನೇಕ ದೇಶಗಳ ರೈಲು ಹತ್ತಬಹುದು. ಹದಿನೆಂಟರ ಪ್ರಾಯದವರಲ್ಲಿ ಅರ್ಜಿ ಹಾಕಿದ ಸಾವಿರಾರು ಮಂದಿಗೆ ಅಲ್ಲಿನ ಒಕ್ಕೂಟವೇ ೨೦೧೮ರಿಂದ ಪುಕ್ಕಟೆ ಪಾಸು ಕೊಡುತ್ತಿದೆ. ಮಕ್ಕಳು ನಾಲ್ಕು ಊರು ಕಂಡು ಲೋಕಜ್ಞಾನ ಪಡೆಯಲಿ ಎಂಬುದು ಉದ್ದೇಶ. ‘ನಮಗೆಲ್ಲಿಯ ಯುರೋಪು ಬಿಡ್ರೀ’ ಅಂತೀರಾ? ಬೇಡ. ನಮ್ಮ ನಾಡಿನಲ್ಲೇ ಮೈಸೂರು, ಮಲೆನಾಡು, ಕಡಲು, ಘಟ್ಟ ಎಲ್ಲವನ್ನೂ ರೈಲಿನಲ್ಲೇ ಸುತ್ತಿ ಬರಬಹುದು.

ಈಗ ಗಾಡಿಯೂ ದೂರವಿಲ್ಲ. ಕೊಪ್ಪಳದವರಿಗೆ ಹಿಂದಿನಿಂದಲೂ ರೈಲಿತ್ತು. ಗಂಗಾವತಿಗೆ ೨೦೧೯ರಲ್ಲಿ ಬಂತು. ಕುಷ್ಟಗಿಗೆ ೨೦೨೫ರ ಮೇ ತಿಂಗಳಲ್ಲಿ ಬಂತು. ಯಲಬುರ್ಗಾದವರಿಗೂ ಅದೇ ದಾರಿ. ಗಂಟುಮೂಟೆ ಹೊತ್ತು ಬಸ್ಸಿನಲ್ಲಿ ಕೊಪ್ಪಳಕ್ಕೆ ಓಡುತ್ತಿದ್ದ ಕಾಲ ನೆನಪಿದ್ದವರಿಗೆ ಇದರ ಬೆಲೆ ಗೊತ್ತು.

ನಮ್ಮ ಮನೆಯಲ್ಲಿ ಮಗಳು ಹತ್ತನೆಯ ತರಗತಿ, ಮಗ ಎಂಟನೆಯದು. ಬರುವ ಜೂನ್‌ನಲ್ಲಿ ಮಗಳು ಓದಲು ಧಾರವಾಡದ ಹಾಸ್ಟೆಲಿಗೆ ಹೋಗುವವಳು. ಆಮೇಲೆ ನಾಲ್ವರೂ ಒಟ್ಟಿಗೆ ಎಂಟು ದಿನ ಇರುವುದು ಯಾವಾಗಲೋ! ಪ್ರವಾಸದ ಮಾತೆತ್ತಿದಾಗ ಓಣಿಯ ಹಿರಿಯರೊಬ್ಬರು, ‘ಅಲ್ಲವಾ, ವಯಸ್ಸಿಗೆ ಬಂದ ಹುಡುಗೀನ ಕರಕೊಂಡು ಊರೂರು ತಿರಗೋದು ಚಂದ ಕಾಣ್ತದೇನು?’ ಅಂದರು. ‘ಅಜ್ಜೀ, ಜೂನ್‌ದಾಗ ಆಕಿ ಒಬ್ಬಾಕೀನೇ ಹೋಗಿಬಂದು ಮಾಡಬೇಕು. ನಮ್ಮ ಕಣ್ಮುಂದೇ ಕಲೀಲಿ’ ಅಂದೆ. ಅವರು ಸುಮ್ಮನಾದರು. ಸೋದರಿಯರೇ, ಈ ಪ್ರವಾಸದ ನಿಜವಾದ ಲಾಭ ಇದೇ ಎಂದು ನನ್ನ ಎಣಿಕೆ.

ಆದ್ದರಿಂದ ಯೋಜನೆಯನ್ನು ಮಕ್ಕಳ ಕೈಗೇ ಕೊಡಿ. ನಕ್ಷೆ ಹರವಿ ಕೂಡಿಸಿ. ನಾವು ಮಾಡಿಕೊಂಡ ದಾರಿ ಹೀಗಿದೆ: ಕೊಪ್ಪಳದಿಂದ ಹಂಪಿ ಎಕ್ಸ್‌ಪ್ರೆಸ್‌ನಲ್ಲಿ ರಾತ್ರಿ ಕಳೆದು ಮೈಸೂರು. ಅಲ್ಲಿ ಅರಮನೆಯ ಜೊತೆಗೆ ೧೯೭೯ರಲ್ಲಿ ಆರಂಭವಾದ ರೈಲ್ವೆ ವಸ್ತುಸಂಗ್ರಹಾಲಯ. ಮಹಾರಾಣಿಯವರ ರೈಲುಬಂಡಿಯನ್ನು ಹುಡುಗರು ಮರೆಯಲಾರರು. ಮುಂದೆ ಹಾಸನ, ಸಕಲೇಶಪುರದ ಮೇಲೆ ಮಂಗಳೂರು. ಸಕಲೇಶಪುರದಿಂದ ಸುಬ್ರಹ್ಮಣ್ಯ ರಸ್ತೆಯವರೆಗಿನ ೫೫ ಕಿಲೋಮೀಟರಿನಲ್ಲಿ ೫೭ ಸುರಂಗಗಳಿವೆ. ಘಟ್ಟವನ್ನು ಹಗಲಿನಲ್ಲಿ ಇಳಿಯುವ ಗಾಡಿ ಯಾವ ದಿನವಿದೆಯೆಂದು ಮೊದಲು ನೋಡಿ, ಆಮೇಲೆ ಉಳಿದ ದಿನಗಳನ್ನು ಜೋಡಿಸಿ. ಮಂಗಳೂರಿನಿಂದ ಕೊಂಕಣ ರೈಲು. ಹೊನ್ನಾವರದ ಶರಾವತಿ ಸೇತುವೆ ಎರಡು ಕಿಲೋಮೀಟರಿಗೂ ಉದ್ದ. ಗೋಕರ್ಣದಲ್ಲಿ ಎರಡು ರಾತ್ರಿ ತಂಗಿ, ಮಡಗಾಂವ್ ಸೇರಿ, ದೂಧ್‌ಸಾಗರದ ಮುಂದಿನಿಂದ ಕ್ಯಾಸಲ್‌ರಾಕ್ ಹತ್ತಿ, ಹುಬ್ಬಳ್ಳಿಯ ಮೇಲೆ ಮನೆಗೆ. ಆ ಏರು ಎಷ್ಟು ಕಡಿದೆಂದರೆ ಹಿಂದಿನಿಂದಲೂ ಎಂಜಿನ್ನುಗಳು ತಳ್ಳಬೇಕು. ಜಲಪಾತದ ಬಳಿ ಗಾಡಿ ನಿಧಾನವಾದರೂ ಇಳಿಯುವಂತಿಲ್ಲ. ಮೊಬೈಲ್ ಹಿಡಿದ ಹುಡುಗರಿಗೆ ಬಾಗಿಲ ಬಳಿ ನಿಲ್ಲಬಾರದೆಂದು ಮೊದಲೇ ಹೇಳಿಡಿ.

ಬೇಸಿಗೆಯಲ್ಲಿ ಆ ಜಲಪಾತ ಸೊರಗಿರುತ್ತದೆ. ದಸರಾ ರಜೆಯೇ ಒಳ್ಳೆಯದು. ಆದರೆ ಆಗ ಎಲ್ಲ ಗಾಡಿಗಳೂ ತುಂಬಿ ತುಳುಕುತ್ತವೆ. ೨೦೨೪ರ ನವೆಂಬರಿನಿಂದ ಮುಂಗಡ ಟಿಕೆಟ್ ೬೦ ದಿನ ಮೊದಲಷ್ಟೇ ಸಿಗುತ್ತದೆ. ಅಕ್ಟೋಬರಿನ ಪ್ರಯಾಣಕ್ಕೆ ಆಗಸ್ಟಿನಲ್ಲೇ ಕ್ಯಾಲೆಂಡರಿಗೆ ಗುರುತು ಹಾಕಿ. ಹನ್ನೆರಡು ತುಂಬಿದ ಮಕ್ಕಳಿಗೆ ಪೂರ್ತಿ ದರ ಎಂಬುದನ್ನು ಲೆಕ್ಕಕ್ಕೆ ಹಿಡಿಯಿರಿ. ನಲವತ್ತೈದು ತುಂಬಿದ ಹೆಂಗಸರಿಗೆ ಖಾಲಿಯಿದ್ದರೆ ಕೆಳಗಿನ ಬರ್ತ್ ಕೊಡುವ ಪದ್ಧತಿಯಿದೆ. ಟಿಕೆಟ್ ಮಾಡಿಸುವಾಗ ನಿಮ್ಮ ವಯಸ್ಸನ್ನು ಕಡಿಮೆ ಹೇಳಬೇಡಿ! ವೇಟಿಂಗ್ ಲಿಸ್ಟ್ ಟಿಕೆಟ್ ಹಿಡಿದು ಸ್ಲೀಪರ್ ಬೋಗಿ ಹತ್ತುವಂತಿಲ್ಲ.

ಇನ್ನು ಬೆಳೆದ ಮಕ್ಕಳನ್ನು ನಿಭಾಯಿಸುವ ಮಾತು. ದಿನಕ್ಕೊಂದು ಊರೆಂದು ಓಡಿಸಿದರೆ ಮೂರನೆಯ ದಿನಕ್ಕೆ ಮುಖ ಗಂಟು ಹಾಕುತ್ತಾರೆ. ರಾತ್ರಿ ಪ್ರಯಾಣ ಮಾಡಿದರೆ ಮುಂದಿನ ಎರಡು ರಾತ್ರಿ ಒಂದೇ ಕಡೆ ಮಲಗಿರಿ. ದಿನಕ್ಕೊಬ್ಬರಂತೆ ಯಜಮಾನಿಕೆ ಕೊಡಿ: ಆ ದಿನದ ಊಟದ ದುಡ್ಡು ಅವರ ಕೈಯಲ್ಲಿ, ಯಾವ ಪ್ಲಾಟ್‌ಫಾರ್ಮ್, ಯಾವ ಬೋಗಿ ಎಂದು ನೋಡುವುದೂ ಅವರೇ. ನೀವು ಹಿಂದೆ ನಿಲ್ಲಿ. ತಡವರಿಸಿದರೂ ಬಾಯಿ ಹಾಕಬೇಡಿ. ಗಾಡಿ ತಪ್ಪುವಂತಿದ್ದರೆ ಮಾತ್ರ ಹೇಳಿ. ತೊಂದರೆಯಾದರೆ ೧೩೯ಕ್ಕೆ ಫೋನು ಮಾಡುವುದನ್ನು ಇಬ್ಬರಿಗೂ ಬಾಯಿಪಾಠ ಮಾಡಿಸಿ. ಮಧ್ಯದ ಬರ್ತ್ ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಮಾತ್ರ; ಇಂಥ ಕಾನೂನು ತಿಳಿದ ಹುಡುಗಿ ನಾಳೆ ಒಬ್ಬಳೇ ಕುಳಿತಾಗ ಅಂಜುವುದಿಲ್ಲ.

ಮಗಳಿಗೆ ಮುಟ್ಟಿನ ದಿನ ಹತ್ತಿರವಿರಲಿ ಬಿಡಲಿ, ಪ್ಯಾಡು, ಹಳೆಯ ಪತ್ರಿಕೆ, ಒಂದು ಜೊತೆ ಬಟ್ಟೆ ಕೈಚೀಲದಲ್ಲೇ ಇರಲಿ. ಪಾಯಖಾನೆಗೆ ಹೋಗಬೇಕಾದೀತೆಂದು ನೀರು ಕುಡಿಯದೆ ಕೂರುವ ನಮ್ಮ ಹೆಂಗಸರ ಚಾಳಿಯನ್ನು ಅವಳಿಗೆ ಕಲಿಸಬೇಡಿ.

ಬುತ್ತಿಗೆ ಖಡಕ್ ಸಜ್ಜೆ ರೊಟ್ಟಿ, ಶೇಂಗಾ ಪುಡಿ, ಗುರೆಳ್ಳು ಪುಡಿ, ಶೇಂಗಾ ಹೋಳಿಗೆ. ಜೊತೆಗೆ ದಪಾಟಿ ಮಾಡಿಕೊಳ್ಳಿ: ಎರಡು ಬಟ್ಟಲು ಜೋಳದ ಹಿಟ್ಟಿಗೆ ಅರ್ಧ ಬಟ್ಟಲು ಕಡಲೆ ಹಿಟ್ಟು, ಅರ್ಧ ಗೋಧಿ ಹಿಟ್ಟು, ಎಳ್ಳು, ಅಜವಾನ, ಖಾರದ ಪುಡಿ, ಉಪ್ಪು ಸೇರಿಸಿ ಬಿಸಿನೀರಿನಲ್ಲಿ ಕಲಸಿ, ತೆಳ್ಳಗೆ ಲಟ್ಟಿಸಿ, ಎಣ್ಣೆ ಸವರಿ ಬೇಯಿಸಿ. ಉಳ್ಳಾಗಡ್ಡಿ ಹಾಕಬೇಡಿ, ಬೇಗ ಹಳಸುತ್ತದೆ. ಪೂರ್ತಿ ಆರಿದ ಮೇಲೆಯೇ ಡಬ್ಬಿಗೆ ತುಂಬಿ.

ದುಡ್ಡಿನ ಚಿಂತೆಯೇ? ಎಂಟು ದಿನ ಆಗದಿದ್ದರೆ ಮೂರು ದಿನ ಮಾಡಿ. ಮಡಗಾಂವ್‌ಗೆ ಹೋಗಿ ಬನ್ನಿ. ಅದೂ ಆಗದಿದ್ದರೆ ಕುಷ್ಟಗಿಯಿಂದ ಹುಬ್ಬಳ್ಳಿಯವರೆಗೆ, ಟಿಕೆಟ್ ಕೊಳ್ಳುವುದರಿಂದ ಹಿಡಿದು ಊಟ ಹುಡುಕುವವರೆಗೆ ಎಲ್ಲವನ್ನೂ ಮಗಳೇ ಮಾಡಲಿ. ದೂರ ಮುಖ್ಯವಲ್ಲ. ಈ ಹದಿನೈದು ದಿನದೊಳಗೆ ನಕ್ಷೆಯೊಂದನ್ನು ತಂದು ಊಟದ ಹೊತ್ತಿಗೆ ಮಕ್ಕಳ ಮುಂದೆ ಹರವಿ ನೋಡಿ.