ಕಾಗದ ಇಲ್ಲದವರ ದೂರು

ಹೋದ ತಿಂಗಳು ಲಚ್ಯಾಣಕ್ಕೆ ಹೋಗಿದ್ದೆ. ಸಿದ್ಧಲಿಂಗ ಮಹಾರಾಜರ ಮಠಕ್ಕೆ ಹೋಗಿ ಬಂದು ಕಾಕಾನ ಮನೆ ಕಟ್ಟೆ ಮೇಲೆ ಕೂತಾಗ ಹಳೇ ಮಾತು ಮತ್ತೆ ಬಂತು. ಕಾಕಿ ತೀರಿಕೊಂಡು ಎರಡು ವರ್ಷ ಆಯ್ತು. ಹೊಟ್ಟೆನೋವು ಅಂತ ಸೊಲ್ಲಾಪುರದ ಒಂದು ಖಾಸಗಿ ದವಾಖಾನೆಗೆ ಒಯ್ದಿದ್ದರು. ಆಪರೇಷನ್ ಆಯ್ತು. ಒಂಬತ್ತನೇ ದಿನ ಹೋಗಿಬಿಟ್ಟರು.

"ದೂರು ಕೊಡೂಣೇನು ತಮ್ಮಾ?" ಅಂದರು ಕಾಕಾ.

"ಕಾಗದ ಎಲ್ಲಿ ಅದಾವ ಕಾಕಾ?" ಅಂದೆ.

ಒಳಗೆ ಹೋಗಿ ಒಂದು ಪ್ಲಾಸ್ಟಿಕ್ ಚೀಲ ತಂದರು. ಔಷಧಿ ಅಂಗಡಿ ಬಿಲ್ಲು, ಒಂದು ಎಕ್ಸ್‌ರೇ, ರೊಕ್ಕ ಕಟ್ಟಿದ ರಸೀದಿ... ಅಷ್ಟೇ. ಕೇಸ್ ಪೇಪರ್ ಒಂದೂ ಇಲ್ಲ. "ಕೇಳಿದ್ವಿ, ಆಮ್ಯಾಲ ಬರ್ರಿ ಅಂದ್ರು. ಹೆಣ ಮುಂದಿಟಕೊಂಡು ಯಾರ ಜಗಳಾಡ್ತಾರಪಾ?"

ಡಾಕ್ಟರು ತಪ್ಪು ಮಾಡಿದರೋ ಇಲ್ಲವೋ ನನಗೆ ಗೊತ್ತಿಲ್ಲ. ಕಾಕಾಗೂ ಗೊತ್ತಿಲ್ಲ. ಆ ಕಾಗದ ಇಲ್ಲದೆ ವಿಚಾರಣೆಗೆ ಕೂತವರಿಗೂ ಗೊತ್ತಾಗುವುದಿಲ್ಲ. ನನ್ನ ತಕರಾರು ಇರುವುದೇ ಇಲ್ಲಿ.

ವೈದ್ಯರ ಮೇಲಿನ ದುರ್ನಡತೆಯ ದೂರನ್ನು ವಿಚಾರಿಸುವುದು ರಾಜ್ಯದ ವೈದ್ಯಕೀಯ ಪರಿಷತ್ತು. ಪರಿಹಾರದ ರೊಕ್ಕ ಬೇಕಾದರೆ ಗ್ರಾಹಕರ ಆಯೋಗಕ್ಕೆ ಹೋಗಬೇಕು. ಪರಿಷತ್ತಿನ ಕೈಯಲ್ಲಿರುವುದು ಎಚ್ಚರಿಕೆ ಕೊಡುವುದು, ನೋಂದಣಿ ಅಮಾನತು ಮಾಡುವುದು ಇಲ್ಲವೇ ತೆಗೆದುಹಾಕುವುದು. ವಿಜಯಪುರದ ಡಾಕ್ಟರಾದರೆ ಬೆಂಗಳೂರಿನ ಕರ್ನಾಟಕ ವೈದ್ಯಕೀಯ ಪರಿಷತ್ತು. ಸೊಲ್ಲಾಪುರದವರಾದರೆ ಮುಂಬಯಿಯ ಮಹಾರಾಷ್ಟ್ರ ಪರಿಷತ್ತು! ಇಂಡಿ ಸೀಮೆಯವರಿಗೆ ದೊಡ್ಡ ಕಾಯಿಲೆ ಅಂದರೆ ಸೊಲ್ಲಾಪುರವೇ. ರೈಲು ಹತ್ತಿದರೆ ಆಯ್ತು. ಆದರೆ ಭೀಮಾ ನದಿ ದಾಟಿದ ಕೂಡಲೇ ನಮ್ಮ ದೂರಿನ ವಿಳಾಸವೂ ಬದಲಾಗುತ್ತದೆ ಅಂತ ಯಾರೂ ಹೇಳಿರುವುದಿಲ್ಲ.

ಇನ್ನು ಸಾಕ್ಷ್ಯದ ಮಾತು. ಆಪರೇಷನ್ ಕೋಣೆಯಲ್ಲಿ ಏನಾಯ್ತು ಅಂತ ರೋಗಿಗೆ ಗೊತ್ತಿಲ್ಲ, ಅವಳು ಮಂಪರಿನಲ್ಲಿದ್ದಳು. ಹೊರಗೆ ಕೂತವರಿಗೂ ಗೊತ್ತಿಲ್ಲ. ಉಳಿಯುವುದು ಡಾಕ್ಟರೇ ಬರೆದ ಟಿಪ್ಪಣಿ, ನರ್ಸ್ ಬರೆದ ಚಾರ್ಟು, ಸಹಿ ಹಾಕಿಸಿಕೊಂಡ ಒಪ್ಪಿಗೆ ಪತ್ರ. ಅಂದರೆ ಯಾರ ಮೇಲೆ ದೂರು ಇದೆಯೋ ಅವರ ಕಪಾಟಿನಲ್ಲೇ ಮುಖ್ಯ ಸಾಕ್ಷ್ಯ ಇದೆ.

ಕಾಗದಕ್ಕೆ ಎಷ್ಟು ಬೆಲೆ ಅಂತ ನೋಡಬೇಕಾದರೆ ಕೋಲ್ಕತದ ಅನುರಾಧಾ ಸಾಹಾ ಪ್ರಕರಣ ನೋಡಿ. ಅವರು ತೀರಿಕೊಂಡದ್ದು 1998ರಲ್ಲಿ. ಪಶ್ಚಿಮ ಬಂಗಾಳದ ಪರಿಷತ್ತು ವೈದ್ಯರದ್ದು ತಪ್ಪಿಲ್ಲ ಅಂದಿತು. ಆದರೆ ದಿನಕ್ಕೆ ಎರಡು ಸಲ 80 ಮಿಲಿಗ್ರಾಂ ಡೆಪೊಮೆಡ್ರಾಲ್ ಅಂತ ಬರೆದ ಚೀಟಿ ಇತ್ತಲ್ಲ! ಗಂಡ ಕುನಾಲ್ ಸಾಹಾ ಬಿಡಲಿಲ್ಲ. 2009ರಲ್ಲಿ ಸುಪ್ರೀಂ ಕೋರ್ಟು ನಿರ್ಲಕ್ಷ್ಯ ಆಗಿದೆ ಎಂದಿತು, 2013ರಲ್ಲಿ ಸುಮಾರು 5.96 ಕೋಟಿ ರೂಪಾಯಿ ಪರಿಹಾರ ಕೊಡಿಸಿತು. ಅವರು ಸ್ವತಃ ವೈದ್ಯರು, ಅಮೆರಿಕದಲ್ಲಿದ್ದವರು. ನಮ್ಮ ಕಾಕಾ ಒಣಬೇಸಾಯದವರು.

ಹಾಗಂತ ಸತ್ತವರೆಲ್ಲ ಡಾಕ್ಟರ ತಪ್ಪಿನಿಂದ ಸತ್ತರು ಅನ್ನುವ ಗುಂಪಿನವನು ನಾನಲ್ಲ. 2005ರ ಜೇಕಬ್ ಮ್ಯಾಥ್ಯೂ ತೀರ್ಪಿನಲ್ಲಿ, ಇನ್ನೊಬ್ಬ ಸಮರ್ಥ ವೈದ್ಯರ ನಿಷ್ಪಕ್ಷ ಅಭಿಪ್ರಾಯ ಇಲ್ಲದೆ ವೈದ್ಯರ ಮೇಲೆ ಕ್ರಿಮಿನಲ್ ಕೇಸಿಗೆ ಮುಂದಾಗಬಾರದು ಅಂತ ಸುಪ್ರೀಂ ಕೋರ್ಟೇ ಹೇಳಿದೆ. ಸರಿಯಾದ ಮಾತು. ದವಾಖಾನೆಗೆ ಕಲ್ಲು ಹೊಡೆಯುವುದು ನ್ಯಾಯ ಅಲ್ಲ. ಸರಿಯಾಗಿ ಬರೆದಿಟ್ಟ ಕಾಗದ ಒಳ್ಳೆಯ ಡಾಕ್ಟರನ್ನೂ ಕಾಯುತ್ತದೆ.

2002ರ ವೈದ್ಯಕೀಯ ನೀತಿ ನಿಯಮಗಳಲ್ಲಿ ಇದಕ್ಕೆ ದಾರಿ ಇದೆ. 2023ರ ಆಗಸ್ಟಿನಲ್ಲಿ ಹೊಸ ನಿಯಮ ತಂದು ಅದೇ ತಿಂಗಳು ತಡೆಹಿಡಿದರು. ಹಾಗಾಗಿ ಹಳೆಯದಕ್ಕೇ ಮರಳಬೇಕಾಯ್ತು. ಅದರ ಪ್ರಕಾರ ಒಳರೋಗಿಯ ದಾಖಲೆಯನ್ನು ಚಿಕಿತ್ಸೆ ಶುರುವಾದ ದಿನದಿಂದ 3 ವರ್ಷ ಇಡಬೇಕು. ರೋಗಿ ಅಥವಾ ಅವರ ಪರವಾಗಿ ಅಧಿಕಾರ ಇದ್ದವರು ಕೇಳಿದರೆ 72 ಗಂಟೆಯೊಳಗೆ ಕೊಡಬೇಕು. ದಾಖಲೆ ಇಡದೆ, ಕೇಳಿದರೂ ಕೊಡದೆ ಇದ್ದರೆ ಅದೇ ದುರ್ನಡತೆ! ಅಂದರೆ ಕೊಡದ ಕಾಗದವೂ ಒಂದು ಸಾಕ್ಷ್ಯ.

ನನ್ನ ಅಭಿಪ್ರಾಯ ಇಷ್ಟು. ದೂರು ಬಂದ ದಿನವೇ ಪರಿಷತ್ತು ಮೂಲ ದಾಖಲೆ ತರಿಸಿ ತನ್ನ ಬಳಿ ಇಟ್ಟುಕೊಳ್ಳಬೇಕು. ಅಭಿಪ್ರಾಯ ಕೊಡುವ ತಜ್ಞರು ಬೇರೆ ಜಿಲ್ಲೆಯವರಾಗಿರಬೇಕು. ವಿಚಾರಣೆ ರೋಗಿಯ ಕಡೆಯವರಿಗೆ ತಿಳಿಯುವ ಭಾಷೆಯಲ್ಲಿ ಆಗಬೇಕು. ಮುಖ್ಯವಾಗಿ, 2019ರ ರಾಷ್ಟ್ರೀಯ ವೈದ್ಯಕೀಯ ಆಯೋಗ ಕಾಯಿದೆಯ 30ನೇ ಕಲಂ ರಾಜ್ಯ ಪರಿಷತ್ತಿನ ತೀರ್ಮಾನದ ಮೇಲೆ ಮೇಲ್ಮನವಿಯ ಮಾತಾಡುವಾಗ ವೈದ್ಯರ ಹೆಸರನ್ನಷ್ಟೇ ಹೇಳುತ್ತದೆ. ಅಲ್ಲಿ ರೋಗಿಯನ್ನೂ ಸೇರಿಸಬೇಕು. ಸೋತವರಲ್ಲಿ ಒಬ್ಬರಿಗಷ್ಟೇ ಇನ್ನೊಂದು ಬಾಗಿಲು ಇಟ್ಟರೆ ಅದು ಯಾವ ಸೀಮೆಯ ನ್ಯಾಯ?

ಕಾಕಿಯ ಕಾಗದಕ್ಕೆ ಇನ್ನೂ ಒಂದು ವರ್ಷ ಅವಧಿ ಇದೆ. ಕಟ್ಟೆ ಮೇಲೇ ಕೂತು ಅರ್ಜಿ ಬರೆದೆ, ಕಾಕಾ ಸಹಿ ಹಾಕಿದರು. ಮರುದಿನ ಸ್ಪೀಡ್ ಪೋಸ್ಟ್ ಮಾಡಿ ರಸೀದಿಯನ್ನು ಅದೇ ಪ್ಲಾಸ್ಟಿಕ್ ಚೀಲಕ್ಕೆ ಹಾಕಿದೆವು. "ಈಗೊಂದು ಕಾಗದ ಆತು ನೋಡು" ಅಂದರು ಕಾಕಾ.

ನಿಮ್ಮ ಮನೆಯವರು ಯಾರಾದರೂ ದವಾಖಾನೆಯಲ್ಲಿದ್ದರೆ, ಮನೆಗೆ ಬರುವ ಮೊದಲು ಕೇಸ್ ಪೇಪರಿನ ನಕಲು ಕೇಳಿ. ಜಗಳ ಬೇಡ. ಬರೆದು ಕೇಳಿ, ಸಾಕು.